ಕುಂಬಳಕಾಯಿ ಕಳ್ಳನೂ ಗೊಲ್ಲಮನೂ

ಗೊಲ್ಲಮ್ ಒಳ್ಳೆಯವನೋ ಕೆಟ್ಟವನೋ?

ಇದು 'ಲಾರ್ಡ್ ಆಫ್ ದಿ ರಿಂಗ್ಸ್' ಕಾದಂಬರಿ ಬರೆದ ಟೋಲ್ಕಿನ್ ಅವರ ಅಭಿಮಾನಿಗಳು ಟೀ ಕುಡಿಯುತ್ತಾ ಮಾಡಿದ ಜಗಳ ಅಂದುಕೊಳ್ಳಬೇಡಿ. 2015ರ ಡಿಸೆಂಬರ್‌ನಲ್ಲಿ ಟರ್ಕಿಯ ಐದಿನ್ ಎಂಬ ಊರಿನ ಕೋರ್ಟಿನಲ್ಲಿ ಎದ್ದ ಪ್ರಶ್ನೆ. ಉತ್ತರ ಸಿಗುವವರೆಗೆ ಒಬ್ಬ ಮನುಷ್ಯ ಜೈಲಿಗೆ ಹೋಗಬೇಕೋ ಮನೆಗೆ ಹೋಗಬೇಕೋ ಅನ್ನುವುದು ತೀರ್ಮಾನ ಆಗುವಂತಿರಲಿಲ್ಲ.

ಆದದ್ದು ಇಷ್ಟು. ಒಬ್ಬ ವೈದ್ಯರು ಅಧ್ಯಕ್ಷ ಎರ್ಡೋಗನ್ ಅವರ ಫೋಟೊಗಳ ಪಕ್ಕ 'ಲಾರ್ಡ್ ಆಫ್ ದಿ ರಿಂಗ್ಸ್' ಸಿನಿಮಾದ ಗೊಲ್ಲಮ್ ಎಂಬ ಪಾತ್ರದ ಚಿತ್ರಗಳನ್ನು ಇಟ್ಟು ಹಂಚಿಕೊಂಡರು. ತಿನ್ನುವಾಗ ಇವರು, ತಿನ್ನುವಾಗ ಅವನು. ಬೆರಗಾದಾಗ ಇವರು, ಬೆರಗಾದಾಗ ಅವನು. ಕೆಲಸ ಹೋಯಿತು, ಕೇಸು ಬಿತ್ತು. ಅಲ್ಲಿನ ದಂಡ ಸಂಹಿತೆಯ 299ನೇ ಕಲಮಿನ ಪ್ರಕಾರ ಅಧ್ಯಕ್ಷರನ್ನು ಅವಮಾನಿಸಿದರೆ 1ರಿಂದ 4 ವರ್ಷ ಜೈಲು. ಈ ಕಲಮು ಧೂಳು ಹಿಡಿದು ಕೂತಿರುವಂಥದ್ದಲ್ಲ. ಎರ್ಡೋಗನ್ ಅಧ್ಯಕ್ಷರಾದದ್ದು 2014ರ ಆಗಸ್ಟ್‌ನಲ್ಲಿ. 2016ರ ಮಾರ್ಚ್ ಹೊತ್ತಿಗೆ ಇಂಥ ಕೇಸುಗಳು 1,845 ಎಂದು ಲೆಕ್ಕ ಕೊಟ್ಟವರು ಅವರದೇ ಸರ್ಕಾರದ ಕಾನೂನು ಮಂತ್ರಿ.

ನಮ್ಮಲ್ಲಿ ಒಂದು ಗಾದೆ ಇದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಕಳ್ಳ ಯಾರು ಅಂತ ಯಾರೂ ಬಾಯಿ ಬಿಟ್ಟಿಲ್ಲ. ಸುಮ್ನೆ ಒಂದು ಕುಂಬಳಕಾಯಿಯ ಚಿತ್ರ ತೋರಿಸಿದ್ದಾರೆ. ಸರ್ಕಾರವೇ ಓಡಿ ಬಂದು ಹೆಗಲು ತೋರಿಸಿ, 'ನೋಡಿ ಸ್ವಾಮಿ, ಬೂದಿ ಅಂಟಿದೆ, ಕೇಸು ಹಾಕಿ' ಅಂದಿದೆ. ಹೋಲಿಕೆಯೇ ಇಲ್ಲ ಅಂದರೆ ಅವಮಾನ ಎಲ್ಲಿಂದ ಬರಬೇಕು? ಆ ಜೋಡಿ ಫೋಟೊಗಳಲ್ಲಿ ಸಾಮ್ಯ ಇದೆ ಎಂದು ಅಧಿಕೃತವಾಗಿ ಒಪ್ಪಿಕೊಂಡ ಮೊದಲಿಗರು ಸರ್ಕಾರಿ ವಕೀಲರೇ.

ಆರೋಪಿಯ ಕಡೆಯ ವಾದ ಇನ್ನೂ ಸೊಗಸು. ಗೊಲ್ಲಮ್ ಕೆಟ್ಟವನಲ್ಲ, ಹಾಗಾಗಿ ಇದು ಅವಮಾನವೇ ಅಲ್ಲ. ನ್ಯಾಯಾಧೀಶರು ಯೋಚನೆಗೆ ಬಿದ್ದರು. ಸಿನಿಮಾವನ್ನು ಪೂರ್ತಿ ನೋಡಿಲ್ಲ ಎಂದು ಪ್ರಾಮಾಣಿಕವಾಗಿ ಹೇಳಿಕೊಂಡರು. ಪಾಪ, ಮೂರೂ ಭಾಗಗಳ ಉದ್ದದ ಆವೃತ್ತಿ 11 ಗಂಟೆಗೂ ಜಾಸ್ತಿ ಇದೆ. ನಾನೂ ಒಂದೇ ಸಲ ಕೂತು ನೋಡಿಲ್ಲ. ಆಮೇಲೆ ದೊಡ್ಡವರೆಲ್ಲ ಮಾಡುವುದನ್ನೇ ಮಾಡಿದರು: ಐದು ಜನರ ತಜ್ಞರ ಸಮಿತಿ. ಇಬ್ಬರು ಪ್ರಾಧ್ಯಾಪಕರು, ಇಬ್ಬರು ಮನಸ್ಸಿನ ತಜ್ಞರು, ಒಬ್ಬ ಸಿನಿಮಾ ಬಲ್ಲವರು. ಟೋಲ್ಕಿನ್ ಕಲ್ಪಿಸಿದ ಮಧ್ಯ ಭೂಮಿ ಎಂಬ ಲೋಕದ ಗುಹೆಯಲ್ಲಿ ಹಸಿ ಮೀನು ತಿಂದುಕೊಂಡಿದ್ದ ಜೀವಿಯ ನಡತೆ ಪ್ರಮಾಣಪತ್ರ ಇವರು ಬರೆದುಕೊಡಬೇಕು.

ಸಮಿತಿಯ ಮೊದಲ ಸಭೆ ನನ್ನ ಕಣ್ಣಿಗೆ ಕಟ್ಟುತ್ತದೆ.

'ಸರ್, ಮೊದಲು ಯಾವ ಗೊಲ್ಲಮ್ ಅಂತ ಇತ್ಯರ್ಥ ಆಗಲಿ.'

'ಎಷ್ಟು ಜನ ಇದ್ದಾರ್ರೀ?'

ಇದ್ದಾರೆ. 1937ರಲ್ಲಿ ಬಂದ 'ಹಾಬಿಟ್' ಪುಸ್ತಕದ ಮೊದಲ ಮುದ್ರಣದಲ್ಲಿ ಗೊಲ್ಲಮ್ ಮರ್ಯಾದಸ್ಥ. ಒಗಟಿನ ಪಂದ್ಯದಲ್ಲಿ ಸೋಲುತ್ತಾನೆ. ಪಣಕ್ಕಿಟ್ಟ ಉಂಗುರ ಸಿಗದಿದ್ದಾಗ ಕ್ಷಮೆ ಕೇಳಿ, ಕಥಾನಾಯಕ ಬಿಲ್ಬೊಗೆ ಹೊರಗಿನ ದಾರಿ ತೋರಿಸುತ್ತಾನೆ. ಆಮೇಲೆ ಟೋಲ್ಕಿನ್ 'ಲಾರ್ಡ್ ಆಫ್ ದಿ ರಿಂಗ್ಸ್' ಎಂಬ ದೊಡ್ಡ ಕಥೆ ಹೆಣೆದರು. ಅದಕ್ಕೆ ಈ ಸಭ್ಯ ಗೊಲ್ಲಮ್ ಹೊಂದಲಿಲ್ಲ. 1951ರ ಮುದ್ರಣದಲ್ಲಿ ತಿದ್ದಿಬಿಟ್ಟರು. ಈಗ ಅವನು ಕಳ್ಳ ಕಳ್ಳ ಅಂತ ಕಿರುಚುತ್ತಾ ಕೊಲ್ಲಲು ಬರುತ್ತಾನೆ. ಅಂದರೆ 1951ಕ್ಕೆ ಮುಂಚಿನ ಪುಸ್ತಕ ಓದಿದವರು ಹೋಲಿಸಿದ್ದರೆ ಹೊಗಳಿಕೆ, ನಂತರದ್ದು ಓದಿದ್ದರೆ ಜೈಲು!

ಅವನ ಗಾತ್ರವೂ ಗಟ್ಟಿಯಿಲ್ಲ. ಎಷ್ಟು ದೊಡ್ಡವನು ಅಂತ ಟೋಲ್ಕಿನ್ ಮೊದಲು ಬರೆದಿರಲಿಲ್ಲ. 1962ರ ಸ್ವೀಡಿಷ್ ಮುದ್ರಣಕ್ಕೆ ಚಿತ್ರ ಬರೆದ ಟೂವೆ ಯಾನ್ಸನ್ ಅವನನ್ನು ರಾಕ್ಷಸನಷ್ಟು ಎತ್ತರ ಮಾಡಿಬಿಟ್ಟರು. ಆಮೇಲೆ ಟೋಲ್ಕಿನ್ 'ಸಣ್ಣ' ಅನ್ನುವ ಪದ ಸೇರಿಸಬೇಕಾಯಿತು. ಅಧ್ಯಕ್ಷರನ್ನು ಹೋಲಿಸಿದ್ದು ಯಾವ ಅಳತೆಯವನಿಗೆ ಅನ್ನುವುದೂ ಕಾನೂನಿನ ಪ್ರಶ್ನೆಯೇ, ಅಲ್ವಾ?

ಇನ್ನು ಚರಿತ್ರೆ. ಹುಟ್ಟುಹಬ್ಬದ ದಿನ ಉಂಗುರಕ್ಕಾಗಿ ಗೆಳೆಯನನ್ನೇ ಕೊಂದವನು. ಅದನ್ನು ನೂರಾರು ವರ್ಷ ಬಿಟ್ಟಿರಲಾರದೆ ಬದುಕಿದವನು. ಜಗತ್ತನ್ನೇ ಆಳಬಲ್ಲ ಉಂಗುರ ಅದು. 'ನನ್ನ ಬಂಗಾರ, ನನ್ನ ಬಂಗಾರ' ಅನ್ನುತ್ತಾ ಅವನೇ ಸವೆದುಹೋದ. ಕೊನೆಗೆ ಬೆಂಕಿಬೆಟ್ಟದ ಅಂಚಿನಲ್ಲಿ, ಉಂಗುರವನ್ನು ನಾಶ ಮಾಡಲೆಂದೇ ಹೊತ್ತು ತಂದ ನಾಯಕ ಫ್ರೋಡೊ ಕೂಡ ಉಂಗುರ ಎಸೆಯಲಾರೆ ಅಂದಾಗ, ಅವನ ಬೆರಳು ಕಚ್ಚಿ ಕಿತ್ತುಕೊಂಡು, ಕುಣಿದು, ಕಾಲು ಜಾರಿ, ಉಂಗುರದ ಸಮೇತ ಬಿದ್ದ. ಲೋಕ ಉಳಿಯಿತು. ಹಾಗಾದರೆ ಇವನು ಲೋಕೋದ್ಧಾರಕ ಅಂತಲೂ ವರದಿ ಬರೆಯಬಹುದು. ಆದರೆ ಉದ್ಧಾರ ಆದದ್ದು ಇವನು ಬಿದ್ದದ್ದರಿಂದ ಎಂಬ ವಾಕ್ಯವನ್ನು ಯಾವ ಸರ್ಕಾರಿ ಪ್ರಾಧ್ಯಾಪಕರು ಟೈಪ್ ಮಾಡಿಯಾರು?

ವೈದ್ಯರು ಹೋಲಿಸಿದ್ದು ಮುಖ ಮಾತ್ರ. ಅಧಿಕಾರದ ಉಂಗುರದ ಕಥೆಯನ್ನು ಕಡತಕ್ಕೆ ತಂದದ್ದು ಕೋರ್ಟು.

ಇಷ್ಟರಲ್ಲಿ ಸಿನಿಮಾದ ನಿರ್ದೇಶಕ ಪೀಟರ್ ಜಾಕ್ಸನ್ ಕೂಡ ಸಾಕ್ಷಿ ಹೇಳುವ ಧಾಟಿಯಲ್ಲಿ ಮಾತಾಡಿದರು. ಆ ಚಿತ್ರಗಳಲ್ಲಿರುವುದು ಗೊಲ್ಲಮ್ ಅಲ್ಲವೇ ಅಲ್ಲವಂತೆ, ಸ್ಮೀಗಲ್ ಅಂತೆ. ಒಂದೇ ದೇಹದೊಳಗಿನ ಇನ್ನೊಂದು ಮನಸ್ಸು. ಮುದ್ದು ಸ್ವಭಾವ, ಸುಳ್ಳು ಹೇಳದವನು. ಅಲ್ಲಿಗೆ ಸರ್ಕಾರದ ಪಾಡು ನೋಡಿ. ನಮ್ಮ ಅಧ್ಯಕ್ಷರು ಆ ಮುದ್ದು ಸ್ವಭಾವದವನ ಹಾಗಿಲ್ಲ, ಆ ಕೆಟ್ಟವನ ಹಾಗೇ ಕಾಣುತ್ತಾರೆ ಎಂದು ಹಟ ಹಿಡಿದು ಸಾಬೀತು ಮಾಡಬೇಕು.

ನಗು ಇಲ್ಲಿಗೆ ಸ್ವಲ್ಪ ಕಟ್ಟುತ್ತದೆ. 2016ರಲ್ಲಿ ಇದೇ ಹೋಲಿಕೆಗೆ ಟರ್ಕಿಯ ಇನ್ನೊಬ್ಬ ವ್ಯಕ್ತಿಗೆ ಒಂದು ವರ್ಷದ ಶಿಕ್ಷೆ ಆಯಿತು. ಜಾರಿ ಮಾಡದೆ ತಲೆಯ ಮೇಲೆ ತೂಗುಹಾಕಿದ ಶಿಕ್ಷೆ.

ಅಂದಹಾಗೆ, ಆ ವೈದ್ಯರ ಚಿತ್ರಗಳನ್ನು ಮೊದಲು ನೋಡಿದವರು ಎಷ್ಟು ಮಂದಿಯೋ. ಕೇಸು ಕೋರ್ಟು ಹತ್ತಿದ ಮೇಲೆ ಲಂಡನ್ನಿನಿಂದ ನ್ಯೂಜಿಲೆಂಡಿನವರೆಗೆ ಸುದ್ದಿಯಾಯಿತು. ಟರ್ಕಿಯ ಭೂಪಟದಲ್ಲಿ ಐದಿನ್ ಎಲ್ಲಿದೆ ಅಂತ ಗೊತ್ತಿಲ್ಲದ ನನ್ನಂಥವರಿಗೂ ಈಗ ಅಧ್ಯಕ್ಷರ ಹೆಸರು ಕೇಳಿದರೆ ಪಕ್ಕದಲ್ಲಿ ಬೆರಗಾಗಿ ಕಣ್ಣರಳಿಸಿ ನಿಂತ ಗೊಲ್ಲಮ್ ಕಾಣುತ್ತಾನೆ.

ಕ್ಷಮಿಸಿ, ಸ್ಮೀಗಲ್.