ಖಾಲಿ ಕೆರೆಯನ್ನೂ ಬರೆದಿಡಿ

ಚಳಿಗಾಲ ಬಂತೆಂದರೆ ನಮ್ಮ ತುಮಕೂರು ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಹಕ್ಕಿ ಫೋಟೋಗಳ ಸುಗ್ಗಿ. ಒಂದಕ್ಕಿಂತ ಒಂದು ಚೆನ್ನಾಗಿರುತ್ತವೆ. ಕೆಳಗೆ ‘ಶುಭೋದಯ’ ಅಂತಲೂ ಬರೆದಿರುತ್ತಾರೆ. ಆದರೆ ಯಾವ ಕೆರೆ, ಯಾವ ದಿನ, ಎಷ್ಟು ಹಕ್ಕಿ ಇದ್ದವು ಅನ್ನುವುದು ಎಲ್ಲೂ ಇರುವುದಿಲ್ಲ. ನೋಡಿದಾಗೆಲ್ಲ ಸಂಕಟ ಆಗುತ್ತದೆ. ಆ ಫೋಟೋ ತೆಗೆದವರು ಬೆಳಗಿನ ಜಾವ ಎದ್ದು, ಚಳಿಯಲ್ಲಿ ಕೆರೆ ಏರಿ ಮೇಲೆ ಗಂಟೆಗಟ್ಟಲೆ ನಿಂತಿರುತ್ತಾರೆ. ಇನ್ನೊಂದು ಸಾಲು ಬರೆದಿದ್ದರೆ ಅಷ್ಟೂ ಶ್ರಮ ಹಕ್ಕಿಯ ಕೆಲಸಕ್ಕೆ ಬರುತ್ತಿತ್ತು.

ಒಂದು ಸಾಲಿನಿಂದ ಏನಾಗುತ್ತದೆ ಅಂತ ಕೇಳುವವರಿಗೆ ನಾನು ಹೇಳುವ ಕತೆ ಅಮೆರಿಕದ್ದು. ಅಲ್ಲಿ ಹೂಪಿಂಗ್ ಕ್ರೇನ್ ಅಂತ ಒಂದು ಬಿಳಿ ಕ್ರೌಂಚ ಇದೆ. ಕ್ರೌಂಚ ಅಂದರೆ ಉದ್ದ ಕಾಲು, ಉದ್ದ ಕತ್ತಿನ ದೊಡ್ಡ ಹಕ್ಕಿ. 1941ರ ಚಳಿಗಾಲದಲ್ಲಿ ಟೆಕ್ಸಾಸ್ ಕರಾವಳಿಯ ಅರಾನ್ಸಾಸ್‌ಗೆ ವಲಸೆ ಬಂದವನ್ನು ಎಣಿಸಿದಾಗ ಸಿಕ್ಕಿದ್ದು ಬರೀ 15. ಬೇಸಿಗೆಯಲ್ಲಿ ಅವು ಎಲ್ಲಿಗೆ ಹೋಗಿ ಮೊಟ್ಟೆ ಇಡುತ್ತವೆ ಅನ್ನುವುದು ಗೊತ್ತಿರಲಿಲ್ಲ. ಗೊತ್ತಿಲ್ಲದ ಜಾಗವನ್ನು ಕಾಯುವುದು ಹೇಗೆ? 1954ರಲ್ಲಿ ಕೆನಡಾದ ವುಡ್ ಬಫಲೋ ರಾಷ್ಟ್ರೀಯ ಉದ್ಯಾನದಲ್ಲಿ ಕಾಡಿಗೆ ಬೆಂಕಿ ಬಿತ್ತು. ಅದರ ಕೆಲಸಕ್ಕೆ ಹೋಗಿದ್ದ ಹೆಲಿಕಾಪ್ಟರ್‌ನಲ್ಲಿದ್ದವರಿಗೆ ಕೆಳಗಿನ ಜೌಗಿನಲ್ಲಿ ದೊಡ್ಡ ಬಿಳಿ ಹಕ್ಕಿಗಳು ಕಂಡವು, ಜೊತೆಗೊಂದು ಮರಿ. ಅವರು ಬೆಂಕಿಯ ಗಡಿಬಿಡಿಯಲ್ಲೂ ಅದನ್ನು ತಿಳಿಸಬೇಕಾದವರಿಗೆ ತಿಳಿಸಿದರು. ಅಷ್ಟು ವರ್ಷ ಹುಡುಕಿದ ಜಾಗ ಸಿಕ್ಕಿತು. ಇವತ್ತು ಆ ಹಿಂಡು ಐನೂರು ದಾಟಿದೆ. ಕಾನೂನು, ಹಣ, ದಶಕಗಳ ದುಡಿಮೆ ಎಲ್ಲ ಸೇರಿ ಆದದ್ದು ಹೌದು. ಆದರೆ ಆ ಹೆಲಿಕಾಪ್ಟರ್‌ನವರು ಸುಮ್ನೆ ನೋಡಿ ಮುಂದೆ ಹೋಗಿದ್ದರೆ?

ಸೈಬೀರಿಯದ ಬಿಳಿ ಕ್ರೌಂಚದ ಕತೆ ಹೀಗಿಲ್ಲ. 1960ರ ದಶಕದಲ್ಲಿ ರಾಜಸ್ಥಾನದ ಭರತಪುರಕ್ಕೆ ಇವು ಇನ್ನೂರರಷ್ಟು ಬರುತ್ತಿದ್ದವು. ವರ್ಷ ಕಳೆದಂತೆ ಕಡಿಮೆಯಾದವು. 2002ರ ಚಳಿಗಾಲಕ್ಕೆ ಉಳಿದದ್ದು ಒಂದು ಜೋಡಿ. ಆಮೇಲೆ ಅದೂ ಬರಲಿಲ್ಲ. ಎಣಿಸಿಯೂ ಉಳಿಸಲಾಗಲಿಲ್ಲವಲ್ಲ, ಇದರಿಂದ ಏನು ಪ್ರಯೋಜನ ಅಂತ ಒಬ್ಬ ಹಿರಿಯರು ನನ್ನ ಹತ್ತಿರ ವಾದ ಮಾಡಿದ್ದರು. ನನಗೆ ಹಾಗನ್ನಿಸುವುದಿಲ್ಲ. ಆ ಹಕ್ಕಿಗಳು ಅಫ್ಘಾನಿಸ್ತಾನ, ಪಾಕಿಸ್ತಾನದ ಮೇಲೆ ಹಾರಿ ಬರುತ್ತಿದ್ದವು. ದಾರಿಯಲ್ಲಿನ ಬೇಟೆ ಅವುಗಳ ನಾಶಕ್ಕೆ ದೊಡ್ಡ ಕಾರಣ. ದಾರಿಯಲ್ಲಿ ಏನಾಗುತ್ತಿದೆ ಅನ್ನುವುದು ಭರತಪುರದಲ್ಲಿ ಕೂತು ಎಣಿಸಿದರೆ ತಿಳಿಯುವಂಥದ್ದಲ್ಲ. ಪ್ರಸಿದ್ಧ ಪಕ್ಷಿಧಾಮ ಒಂದರಲ್ಲೇ ಲೆಕ್ಕ ಇಟ್ಟರೆ ಸಾಲದು. ಹಕ್ಕಿ ಇಳಿಯುವ, ಮೇಯುವ, ಹಾದುಹೋಗುವ ಹೆಸರಿಲ್ಲದ ಜಾಗಗಳಲ್ಲೂ ಕಣ್ಣಿರಬೇಕು. ಅಲ್ಲಿರುವ ಕಣ್ಣು ನಮ್ಮಂಥವರದ್ದೇ ಆಗಿರಬೇಕು.

ಪ್ರಪಂಚದಲ್ಲಿ ಕ್ರೌಂಚದ ಜಾತಿಗಳು 15. ಅವುಗಳಲ್ಲಿ ಹೆಚ್ಚಿನವು ಅಪಾಯದಲ್ಲಿವೆ. ಭಾರತದಲ್ಲಿ ಆಳೆತ್ತರದ ಸಾರಸ್ ಕ್ರೌಂಚ ಇದೆ, ಅದೂ ಅಪಾಯದಲ್ಲಿದೆ. ಉತ್ತರ ಪ್ರದೇಶದ ರಾಜ್ಯಪಕ್ಷಿ. ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಭತ್ತದ ಗದ್ದೆಯಲ್ಲಿ ಗೂಡು ಕಟ್ಟುವ ಸಾರಸ್‌ಗಳನ್ನು ಹಳ್ಳಿಯವರೇ ಕಾಯುತ್ತಾರೆ, ಎಣಿಕೆಗೂ ಅವರೇ ಕೈಜೋಡಿಸುತ್ತಾರೆ.

ಸಾರಸ್ ನಮ್ಮ ಜಿಲ್ಲೆಯ ಹಕ್ಕಿಯಲ್ಲ, ನಿಜ. ಆದರೆ ನಮಗೆ ಕಗ್ಗಲಡು ಇದೆ.

ಶಿರಾ ಪಕ್ಕದ ಈ ಊರಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳೂ ಬೂದು ಬಕಗಳೂ ಗೂಡು ಕಟ್ಟುತ್ತವೆ. ಹೊರಗಿನವರಿಗೆ ಈ ಜಾಗ ಗೊತ್ತಾಗಿದ್ದು 1999ರಲ್ಲಿ. ಊರವರಿಗೆ ಮೊದಲಿನಿಂದ ಗೊತ್ತು. ಮರದ ಕೆಳಗೆ ಹೋಗಿ ನಿಂತರೆ ಮೊದಲು ಮೂಗಿಗೆ ಹೊಡೆಯುವುದು ಹಿಕ್ಕೆಯ, ಮೀನಿನ ವಾಸನೆ. ಎಲೆಗಳೆಲ್ಲ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿರುತ್ತವೆ. ಹೀಗಾದ ಮರದಲ್ಲಿ ಹುಣಸೆ ಫಸಲು ಎಷ್ಟು ಸಿಗಬಹುದು ಯೋಚಿಸಿ. ಆದರೂ ಊರವರು ಕಲ್ಲು ಹೊಡೆಯುವುದಿಲ್ಲ, ಕೊಂಬೆ ಕಡಿಯುವುದಿಲ್ಲ. ಬಿಸಿಲು ಏರಿದಾಗ ತಾಯಿ ಕೊಕ್ಕರೆ ಎರಡೂ ರೆಕ್ಕೆ ಬಿಡಿಸಿ ಮರಿಗಳಿಗೆ ನೆರಳು ಮಾಡಿಕೊಂಡು ನಿಲ್ಲುತ್ತದೆ. ಇನ್ನೊಂದು ಹೋಗಿ ಕೊಕ್ಕಿನಲ್ಲಿ ನೀರು ತಂದು ಮರಿಗಳ ಮೇಲೆ ಸುರಿಯುತ್ತದೆ. ಅಲುಗಾಡದೆ ಅರ್ಧ ಗಂಟೆ ನಿಂತರೆ ಇಷ್ಟೂ ಕಾಣುತ್ತದೆ.

ಇಲ್ಲಿ ಎಣಿಸುವುದಕ್ಕೆ ಒಂದು ರೀತಿ ಇದೆ. ಹಾರುವ ಹಕ್ಕಿಯ ಹಿಂದೆ ಬೀಳಬಾರದು. ಮರಕ್ಕೊಂದು ನಂಬರ್ ಕೊಟ್ಟುಕೊಳ್ಳಬೇಕು. ಪ್ರತಿ ಮರದಲ್ಲಿ ಎಷ್ಟು ಗೂಡು, ಎಷ್ಟು ಗೂಡಿನಲ್ಲಿ ಹಕ್ಕಿ ಕೂತಿದೆ, ಎಷ್ಟರಲ್ಲಿ ಮರಿ ಕಾಣುತ್ತಿದೆ, ಇಷ್ಟು ಬರೆದರೆ ಸಾಕು. ಬೆಳೆದ ಮರಿಗಳನ್ನು ದೂರದಿಂದಲೇ ಗುರುತಿಸಬಹುದು. ದೊಡ್ಡ ಹಕ್ಕಿಯ ಗುಲಾಬಿ ಬಣ್ಣ ಅವಕ್ಕೆ ಬಂದಿರುವುದಿಲ್ಲ, ಮಾಸಲು ಕಂದಾಗಿರುತ್ತವೆ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಮರಿಗಳ ಲೆಕ್ಕ. ಕೊಕ್ಕರೆ ಬಹಳ ವರ್ಷ ಬದುಕುವ ಹಕ್ಕಿ. ಮರಿ ಆಗುವುದು ನಿಂತರೂ ದೊಡ್ಡ ಹಕ್ಕಿಗಳು ವರ್ಷಾನುಗಟ್ಟಲೆ ಕಾಣುತ್ತಲೇ ಇರುತ್ತವೆ. ನಾವು ಎಲ್ಲ ಚೆನ್ನಾಗಿದೆ ಅಂದುಕೊಂಡಿರುತ್ತೇವೆ.

ಹೀಗೆ ಬರೆಯುತ್ತಿದ್ದಾಗ ಅಲ್ಲಿನ ಅಜ್ಜಿಯೊಬ್ಬರು ಬಂದು, ‘ಏನಪ್ಪಾ ಬರ್ಕಂತಿದೀಯಾ?’ ಅಂದರು. ‘ಗೂಡು ಎಣಿಸ್ತಿದೀನಜ್ಜಿ’ ಅಂದೆ. ‘ಎಣಿಸ್ಕೊ, ಎಣಿಸ್ಕೊ. ಕೆರೆ ತುಂಬದಿದ್ದ ವರ್ಷ ಬಂದ್ರೆ ಎಣಿಸಾಕೇನೂ ಇರಲ್ಲ ಕಣಪ್ಪ. ಬರ್ತವೆ, ಒಂದೆರಡ್ ದಿನ ಮರದ್ ಮೇಲ್ ಕುಂತು ನೋಡ್ತವೆ, ಹೊಂಟೋಯ್ತವೆ’ ಅಂದರು. ಗೂಡಿನ ಲೆಕ್ಕದ ಪಕ್ಕದಲ್ಲೇ ಕೆರೆಯ ನೀರಿನ ಲೆಕ್ಕವೂ ಇರಬೇಕು ಅನ್ನುವುದನ್ನು ನನಗೆ ಸರಿಯಾಗಿ ಕಲಿಸಿದ್ದು ಅವರ ಈ ಮಾತು. ಇಂಥ ಮಾತನ್ನೂ ಬರೆದಿಡಿ. ‘ಊರಿನ ಹಿರಿಯರು ಹೇಳಿದ್ದು’ ಅಂತ ಬೇರೆಯಾಗಿ ಬರೆಯಿರಿ. ನೀವು ಕಣ್ಣಾರೆ ಕಂಡದ್ದಕ್ಕೂ ಕೇಳಿದ್ದಕ್ಕೂ ಬೆರಕೆ ಆಗಬಾರದು.

ಅಜ್ಜಿ ಹೇಳಿದ ಆ ವರ್ಷವೇ ನನ್ನ ಬರಹದ ವಿಷಯ. ಹಕ್ಕಿ ಇಲ್ಲದ ದಿನವನ್ನು ನಾವು ಬರೆಯುವುದೇ ಇಲ್ಲ. ಕೆರೆಗೆ ಹೋದೆವು, ಏನೂ ಇರಲಿಲ್ಲ, ಟೀ ಕುಡಿದು ವಾಪಸ್ ಬಂದೆವು. ಅಷ್ಟಕ್ಕೇ ಮುಗಿಯಿತು. ಹತ್ತು ವರ್ಷದ ನಂತರ ಯಾರಾದರೂ ಹಳೆಯ ದಾಖಲೆ ತೆಗೆದು ನೋಡಿದರೆ, ಆ ದಿನ ಅಲ್ಲಿ ಹಕ್ಕಿ ಇರಲಿಲ್ಲವೋ ಅಥವಾ ನೋಡುವವರೇ ಹೋಗಿರಲಿಲ್ಲವೋ ಅಂತ ಹೇಗೆ ಗೊತ್ತಾಗಬೇಕು? ಸಂಖ್ಯೆ ಇಳಿಯುತ್ತಿದೆ ಅಂತ ತೋರಿಸಲು ಇಲ್ಲದ ದಿನಗಳೂ ಲೆಕ್ಕದಲ್ಲಿ ಇರಬೇಕು. ಹಾಗೇ ಅಪರೂಪದ ಹಕ್ಕಿ ಒಂದನ್ನೇ ಬರೆದು ಬೆಳ್ಳಕ್ಕಿ, ಕಾಗೆಗಳನ್ನು ಬಿಡಬೇಡಿ. ಕಂಡದ್ದನ್ನೆಲ್ಲ ಬರೆದರೆ ಮಾತ್ರ ಕಾಣದಿದ್ದದ್ದಕ್ಕೂ ಬೆಲೆ ಬರುತ್ತದೆ.

ಕೋಲಾರವನ್ನೇ ನೋಡಿ. 2018ರ ಜೂನ್‌ನಲ್ಲಿ ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿ ಯೋಜನೆಯ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿದ ನೀರು. ಆಮೇಲೆ ಒಂದೊಂದಾಗಿ ಕೆರೆಗಳು ತುಂಬಿದವು. ಚಿಕ್ಕಬಳ್ಳಾಪುರದ ಕಂದವಾರ ಕೆರೆ ಕಡೆಗೆ ಬೆಂಗಳೂರಿನದೇ ಹೆಬ್ಬಾಳ–ನಾಗವಾರ ಕಡೆಯ ಇಂಥದ್ದೇ ನೀರು ಬಂತು. ನೀರಿನ ಗುಣಮಟ್ಟದ ಬಗ್ಗೆ ಜಗಳ ಆಯಿತು, ಕೋರ್ಟಿಗೂ ಹೋಯಿತು. ಬೋರ್‌ವೆಲ್‌ಗಳಲ್ಲಿ ನೀರು ಎಷ್ಟು ಮೇಲೆ ಬಂತು ಅಂತ ಮಾತಾಡುವವರು ಊರಿಗೊಬ್ಬರಿದ್ದಾರೆ. ಹಕ್ಕಿಗಳ ವಿಷಯ ಬಂದರೆ ‘ಈಗ ಜಾಸ್ತಿ ಬರ್ತಿವೆ’ ಅನ್ನುತ್ತಾರೆ. ಎಷ್ಟು ಜಾಸ್ತಿ? ಯಾವುವು? ಕೆರೆ ಒಣಗಿದ್ದಾಗ ಅದರ ಅಂಗಳದಲ್ಲಿ ಬೇರೆ ಹಕ್ಕಿಗಳೂ ಇದ್ದಿರಬೇಕಲ್ವಾ? ಅವು ಎಲ್ಲಿಗೆ ಹೋದವು? ಒಣಕೆರೆಗೆ ಹಕ್ಕಿ ನೋಡಲು ಯಾರು ತಾನೇ ಹೋಗುತ್ತಾರೆ. ಕೋಲಾರದ ಗೆಳೆಯರಲ್ಲಿ ನನ್ನ ಕೋರಿಕೆ ಇಷ್ಟೇ: ನೀರು ಇನ್ನೂ ಬಾರದ ಕೆರೆಗಳ ಪಟ್ಟಿಯನ್ನು ಈಗಲೇ ಶುರು ಮಾಡಿ. ನೀರು ಬಂದ ಮೇಲೆ ಆ ಪಟ್ಟಿ ಎಷ್ಟು ದುಡ್ಡು ಕೊಟ್ಟರೂ ಸಿಗುವುದಿಲ್ಲ.

ದಾಖಲೆ ಅಂದರೆ ಬರೀ ಕೆಟ್ಟ ಸುದ್ದಿ ಹೇಳುವುದಕ್ಕೆ ಅಂದುಕೊಳ್ಳಬೇಡಿ. ಬಿಳಿಕತ್ತಿನ ಕೊಕ್ಕರೆ ನೋಡಿದ್ದೀರಲ್ಲ? ಕಪ್ಪು ಮೈ, ಕತ್ತಿಗೆ ಬಿಳಿ ಉಣ್ಣೆ ಸುತ್ತಿದಂತಿರುತ್ತದೆ. ಅದು ವೇಗವಾಗಿ ಕಡಿಮೆಯಾಗುತ್ತಿದೆ ಅಂತ 2014ರಲ್ಲಿ ಅದನ್ನು ಅಪಾಯದಲ್ಲಿರುವ ಜಾತಿಗಳ ಪಟ್ಟಿಗೆ ಸೇರಿಸಿದ್ದರು. ಆಮೇಲೆ ಸಂಶೋಧಕರು ದಕ್ಷಿಣ ಏಷ್ಯಾದ ಹೊಲಗದ್ದೆಗಳಲ್ಲಿ ಕ್ರಮವಾಗಿ ಎಣಿಸಿದಾಗ ಅಂದಾಜಿಗಿಂತ ಎಷ್ಟೋ ಜಾಸ್ತಿ ಸಿಕ್ಕವು. 2020ರಲ್ಲಿ ಅದರ ಅಪಾಯದ ಮಟ್ಟವನ್ನು ಒಂದು ಮೆಟ್ಟಿಲು ಇಳಿಸಿದರು. ರೈತರ ಹೊಲದಲ್ಲೇ ಅವು ಬದುಕುತ್ತಿವೆ ಅನ್ನುವುದು ಎಷ್ಟು ದೊಡ್ಡ ಸಮಾಧಾನ! 2023ರ ‘ಭಾರತದ ಹಕ್ಕಿಗಳ ಸ್ಥಿತಿಗತಿ’ ವರದಿಯಲ್ಲಿ 942 ಜಾತಿಗಳ ವಿವರ ಇದೆ. ಅದರ ಹಿಂದಿರುವುದು ಮೂವತ್ತು ಸಾವಿರಕ್ಕೂ ಹೆಚ್ಚು ಹಕ್ಕಿ ನೋಡುಗರು ಇ-ಬರ್ಡ್ ಅನ್ನುವ ಜಾಲತಾಣದಲ್ಲಿ ಹಾಕಿದ ಪಟ್ಟಿಗಳು. ಮೇಷ್ಟ್ರು, ರೈತರು, ಬ್ಯಾಂಕಿನವರು, ಕಾಲೇಜು ಹುಡುಗರು ಬರೆದ ಸಾಲುಗಳು.

ಬರೆಯುವುದು ಕಷ್ಟವಲ್ಲ. ತಾರೀಖು, ಶುರು ಮಾಡಿದ ಹೊತ್ತು, ಎಷ್ಟು ಹೊತ್ತು ಇದ್ದಿರಿ, ಕೆರೆಯ ಹೆಸರು, ನೀರು ತೂಬಿಗಿಂತ ಮೇಲಿದೆಯೋ ಕೆಳಗಿದೆಯೋ. ಆಮೇಲೆ ಹಕ್ಕಿ ಮತ್ತು ಸಂಖ್ಯೆ. ‘ತುಂಬಾ ಇದ್ದವು’ ಅಂತ ಬರೆದರೆ ಯಾರಿಗೂ ಉಪಯೋಗವಿಲ್ಲ. ದೊಡ್ಡ ಹಿಂಡಾದರೆ ಹತ್ತು ಹಕ್ಕಿ ಎಣಿಸಿ, ಅಷ್ಟಗಲದ ತುಂಡುಗಳು ಎಷ್ಟಾಗುತ್ತವೆ ನೋಡಿ. ಜಾತಿ ಗೊತ್ತಾಗದಿದ್ದರೆ ಗೊತ್ತಾಗಲಿಲ್ಲ ಅಂತಲೇ ಬರೆಯಿರಿ. ‘ನಮ್ಮೂರಲ್ಲಿ ಸಾರಸ್ ಬಂದಿದೆ’ ಅನ್ನುವ ಮುಂಚೆ ಒಂದು ನೋಡಿ: ಸಾರಸ್ ನೆಲದ, ನೀರಿನ ಹಕ್ಕಿ, ಮರದ ಮೇಲೆ ಕೂರುವುದಿಲ್ಲ. ಹುಣಸೆ ಮರದ ತುದಿಯಲ್ಲಿ ಕೂತಿದ್ದರೆ ಅದು ಕೊಕ್ಕರೆಯೋ ಬಕವೋ ಇರಬೇಕು. ಕತ್ತು ಮಡಚಿಕೊಂಡು ಹಾರಿದರೆ ಬಕ, ನೀಟಾಗಿ ಮುಂದಕ್ಕೆ ಚಾಚಿಕೊಂಡು ಹಾರಿದರೆ ಕೊಕ್ಕರೆ. ಜನವರಿಯಲ್ಲಿ ಏಷ್ಯಾದ ನೀರುಹಕ್ಕಿ ಗಣತಿ ಇರುತ್ತದೆ, 1987ರಿಂದ ನಡೆಯುತ್ತಿದೆ. ಹೊಸಬರು ಗೊತ್ತಿರುವವರ ಜೊತೆ ಹೋಗಿ ಕಲಿಯಲು ಅದು ಒಳ್ಳೆಯ ಸಮಯ.

ಜಾಗ ಬರೆದರೆ ಕ್ಯಾಮೆರಾದವರು ಮುಗಿಬೀಳುತ್ತಾರೆ ಅನ್ನುವ ಆತಂಕ ಹಲವರಿಗಿದೆ. ನನಗೂ ಇದೆ. ಗೂಡಿನ ಕೆಳಗೆ ಚಪ್ಪಾಳೆ ತಟ್ಟಿ ಹಕ್ಕಿ ಹಾರಿಸಿ ಫೋಟೋ ತೆಗೆಯುವವರನ್ನು ನೋಡಿದ್ದೇನೆ. ಆ ಹೊತ್ತಿನಲ್ಲಿ ಮೊಟ್ಟೆ ಬಿಸಿಲಿಗೆ ಬಿದ್ದಿರುತ್ತದೆ, ಕಾಗೆ ಕಾಯುತ್ತಿರುತ್ತದೆ. ಹಾಗಾಗಿ ಹೊಸ ಗೂಡಿನ ಜಾಗವನ್ನು ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ಹಾಕಲೇಬೇಡಿ. ನಿಮ್ಮ ಪುಸ್ತಕದಲ್ಲಿ ಪೂರ್ತಿ ಬರೆದಿಟ್ಟುಕೊಳ್ಳಿ. ಅರಣ್ಯ ಇಲಾಖೆಯವರಿಗೆ ಹೇಳಿ. ಮರಿ ಹಾರಿಹೋದ ಮೇಲೆ ಬೇಕಾದರೆ ಇ-ಬರ್ಡ್‌ಗೆ ಸೇರಿಸಿ, ಹಳೆಯ ತಾರೀಖಿನ ಪಟ್ಟಿಯನ್ನೂ ಅಲ್ಲಿ ಹಾಕಬಹುದು.

ಕೊನೆಗೆ ಪಾವಗಡ, ಮಧುಗಿರಿ, ಶಿರಾ ಕಡೆಯವರಿಗೆ ಬೇರೆಯದೇ ಒಂದು ಕೆಲಸ ಹೇಳಬೇಕು. ಕ್ರೌಂಚ, ಕೊಕ್ಕರೆಯಂಥ ಭಾರದ ಹಕ್ಕಿಗಳು ಹಾರುವಾಗ ತಟ್ಟನೆ ಪಕ್ಕಕ್ಕೆ ತಿರುಗಲಾರವು. ಎದುರಿಗಿನ ವೈರು ಕಂಡರೂ ತಪ್ಪಿಸಿಕೊಳ್ಳುವಷ್ಟು ಹೊತ್ತು ಇರುವುದಿಲ್ಲ. ಉತ್ತರ ಪ್ರದೇಶದಲ್ಲಿ ಸಾರಸ್‌ಗಳು ಹೀಗೆ ವೈರಿಗೆ ಬಡಿದು ಸಾಯುತ್ತವೆ ಅನ್ನುವುದು ಗೊತ್ತಾಗಿದ್ದು ಯಾರೋ ವೈರುಗಳ ಕೆಳಗೆ ನಡೆದು, ಬಿದ್ದ ಹಕ್ಕಿಗಳನ್ನು ಎಣಿಸಿದ್ದರಿಂದ. ಪಾವಗಡದಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ. ಅಲ್ಲಿಂದ ವಿದ್ಯುತ್ ಸಾಗಿಸುವ ದೊಡ್ಡ ಲೈನುಗಳು ನಮ್ಮ ಹೊಲ, ಕೆರೆಗಳನ್ನು ದಾಟಿ ಹೋಗುತ್ತವೆ. ಅವುಗಳಿಂದ ಹಕ್ಕಿಗೆ ತೊಂದರೆ ಆಗಿದೆ ಅಂತ ನಾನು ಹೇಳುತ್ತಿಲ್ಲ, ಹಾಗೆ ಹೇಳಲು ನನ್ನ ಹತ್ತಿರ ಲೆಕ್ಕವಿಲ್ಲ. ಆ ಲೆಕ್ಕ ಸಿಗುವುದು ಲೈನಿನ ಕೆಳಗೆ ಹೊಲ ಇರುವವರಿಂದ. ಸತ್ತ ಕೊಕ್ಕರೆ ಕಂಡರೆ ಮುಟ್ಟಬೇಡಿ. ಒಂದು ಫೋಟೋ ತೆಗೆಯಿರಿ, ತಾರೀಖು ಬರೆಯಿರಿ, ಹತ್ತಿರದ ಟವರ್ ಮೇಲಿರುವ ನಂಬರ್ ಬರೆದುಕೊಳ್ಳಿ, ಅರಣ್ಯ ಇಲಾಖೆಗೆ ತಿಳಿಸಿ. ಯಾವ ಎರಡು ಟವರ್‌ಗಳ ನಡುವೆ ಪದೇ ಪದೇ ಬೀಳುತ್ತಿವೆ ಅಂತ ಗೊತ್ತಾದರೆ, ಆ ತುಂಡು ವೈರಿಗೆ ಹಕ್ಕಿಗೆ ಕಾಣುವಂಥ ಬಿಲ್ಲೆಗಳನ್ನು ಹಾಕಿಸಿ ಅಂತ ಹೆಸರು, ನಂಬರ್ ಸಮೇತ ಅರ್ಜಿ ಕೊಡಬಹುದು. ಅರ್ಜಿ ಬರೆಯುವ ಕೆಲಸ ನನಗೆ ಬಿಡಿ.