ಪುಸ್ತಕವೇ ಚೆನ್ನಾಗಿತ್ತಂತೆ

ಕಾದಂಬರಿ ಆಧಾರಿತ ಸಿನಿಮಾ ಮುಗಿದು ಥಿಯೇಟರಿನ ದೀಪ ಹತ್ತುವುದಕ್ಕೂ, ಹಿಂದಿನ ಸಾಲಿನಿಂದ ಯಾರೋ ಒಬ್ಬರು "ಏನೇ ಹೇಳಿ, ಪುಸ್ತಕವೇ ಚೆನ್ನಾಗಿತ್ತು" ಅನ್ನುವುದಕ್ಕೂ ಸರಿಹೋಗುತ್ತದೆ. ಹಾಗೆಂದವರ ಮುಖವನ್ನು ಒಮ್ಮೆ ತಿರುಗಿ ನೋಡಬೇಕು. ಮದುವೆಮನೆಯಲ್ಲಿ ಎಲೆ ಮಡಚುತ್ತಾ "ನಮ್ಮ ಕಡೆ ಹೋಳಿಗೆ ಹೀಗಿರಲ್ಲ ಬಿಡಿ" ಅನ್ನುವ ಬೀಗರ ಮುಖ ಅದು. ಮೂರು ಹೋಳಿಗೆ ಹಾಕಿಸಿಕೊಂಡಿರುತ್ತಾರೆ, ಆ ಮಾತು ಬೇರೆ.

ನನ್ನ ಹೆಂಡತಿಯ ತಮ್ಮ ಈ ಪಂಗಡದ ಕಟ್ಟಾಳು. ಕನ್ನಡದ ಯಾವ ಕೃತಿ ಸಿನಿಮಾ ಆದರೂ, ಕೆಟ್ಟುಹೋಗಿದೆ ಎಂದು ಮೊದಲ ದಿನದ ಮೊದಲ ಆಟಕ್ಕೇ ತೀರ್ಪು ಕೊಡುತ್ತಾನೆ. ಆಟ ನೋಡಿರಲೇಬೇಕು ಎಂದೇನಿಲ್ಲ. ಟ್ರೇಲರ್ ಸಾಕು. ಒಮ್ಮೆ ಪೋಸ್ಟರಿನಲ್ಲಿ ನಾಯಕನ ಮೀಸೆ ನೋಡಿಯೇ "ಮೂಲ ಕೃತಿಯ ಆಶಯಕ್ಕೆ ದ್ರೋಹ" ಅಂದಿದ್ದ.

ತಿಂಗಳ ಕೊನೆಗೆ ಅವನ 'ಈ ತಿಂಗಳ ಓದು' ಫೋಟೊ ಬರುತ್ತದೆ. ಐದು ಪುಸ್ತಕ ಒಂದರ ಮೇಲೊಂದು, ಪಕ್ಕದಲ್ಲಿ ಹಿತ್ತಾಳೆ ಲೋಟದಲ್ಲಿ ಫಿಲ್ಟರ್ ಕಾಫಿ, ಮೇಲೆ ನಾಲ್ಕು ಪಾರಿಜಾತದ ಹೂವು, ಅದಕ್ಕೆ ಒರಗಿಸಿದ ಒಂದು ಕನ್ನಡಕ. ಅವನಿಗೆ ಕನ್ನಡಕ ಇಲ್ಲ, ಅದು ನನ್ನದು. ಕಳೆದ ಸಲ ನಮ್ಮ ಮನೆಯಲ್ಲೇ ಫೋಟೊ ತೆಗೆದ. ನೆರಳು ಎಡಕ್ಕೆ ಬಿತ್ತು, ಹೂವು ಜಾರಿತು, ಬೆಳಕು ಹೋಯಿತು ಅಂತ ಅರ್ಧ ಗಂಟೆ ಆದ ಮೇಲೆ ನನ್ನ ಹೆಂಡತಿ ಆ ಕಾಫಿಯನ್ನು ಮತ್ತೆ ಬಿಸಿ ಮಾಡಿ ಕೊಡಬೇಕಾಯಿತು. ಐದೂ ಪುಸ್ತಕ ಓದಿ ಮುಗಿಸಿದೆಯೇನೋ ಎಂದು ಕೇಳಿದೆ. "ಎರಡು ಓದಿದೆ, ಮೂರು ಕೇಳಿದೆ ಭಾವ" ಅಂದ. ಕೇಳುವುದೆಂದರೆ ಮೊಬೈಲಿನಲ್ಲಿ, ಒಂದೂವರೆ ಸ್ಪೀಡಿನಲ್ಲಿ. ಆ ಲೆಕ್ಕದಲ್ಲಿ ಕುರುಕ್ಷೇತ್ರದ ಹದಿನೆಂಟು ದಿನದ ಯುದ್ಧ ಹನ್ನೆರಡೇ ದಿನಕ್ಕೆ ಮುಗಿಯುತ್ತದೆ. ಭೀಷ್ಮರು ಉತ್ತರಾಯಣಕ್ಕೆ ಇನ್ನೂ ಕೆಲವು ದಿನ ಹೆಚ್ಚಿಗೆ ಕಾಯಬೇಕು.

ನಮ್ಮ ದೊಡ್ಡಮ್ಮ ಓದುತ್ತಿದ್ದ ರೀತಿ ಬೇರೆ. ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿ ಇತ್ತು. ದಿನದ ಬಾಡಿಗೆ. ಒಂದು ದಿನ ಹೆಚ್ಚಿಗೆ ಇಟ್ಟುಕೊಂಡರೆ ದೊಡ್ಡಪ್ಪನಿಂದ ಮಂಗಳಾರತಿ. ಹಾಗಾಗಿ ಒಂದು ಕೈಯಲ್ಲಿ ಒಗ್ಗರಣೆ ಸೌಟು, ಇನ್ನೊಂದು ಕೈಯಲ್ಲಿ ತ್ರಿವೇಣಿಯವರ ಕಾದಂಬರಿ. ಕಥೆ ಯಾವ ಪುಟದಲ್ಲಿ ಬಿಗಿಯಾಗುತ್ತದೆ ಎಂದು ಅಂಚಿನ ಅರಿಶಿನದ ಬೆರಳ ಗುರುತು ನೋಡಿಯೇ ಹೇಳಬಹುದಿತ್ತು. 1971ರಲ್ಲಿ 'ಶರಪಂಜರ' ತೆರೆಗೆ ಬಂದಾಗ ತ್ರಿವೇಣಿ ತೀರಿಕೊಂಡು ಎಂಟು ವರ್ಷವಾಗಿತ್ತು. ದೊಡ್ಡಮ್ಮ ಓಣಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ಹೋಗಿ, ಸೆರಗು ಹಿಂಡುವಷ್ಟು ಅತ್ತು ಬಂದರಂತೆ. ಪುಸ್ತಕ ಚೆನ್ನಾಗಿತ್ತೋ ಸಿನಿಮಾನೋ ಎಂದು ಕೇಳಿದ್ದಕ್ಕೆ, "ಕಲ್ಪನಾ ಉಟ್ಟಿದ್ದ ಸೀರೆಗಳನ್ನ ನೋಡ್ದೇನೇ?" ಅಂದರಂತೆ. ಕಾದಂಬರಿಯನ್ನು ಮೂರು ಸಲ ಓದಿದವರ ವಿಮರ್ಶೆ ಅಷ್ಟಕ್ಕೇ ಮುಗಿಯಿತು.

ಮರುವರ್ಷ 'ಬಂಗಾರದ ಮನುಷ್ಯ' ಬಂತು. ರಾಜೀವಪ್ಪನನ್ನು ನೋಡಿ ಪಟ್ಟಣದ ಕೆಲಸ ಬಿಟ್ಟು ಊರಿಗೆ ಹೋಗಿ ಬೇಸಾಯಕ್ಕೆ ನಿಂತವರ ಕಥೆಗಳನ್ನು ಇವತ್ತಿಗೂ ಹೇಳುತ್ತಾರೆ. ಕಾದಂಬರಿ ಓದಿ ನೇಗಿಲು ಹಿಡಿದವರು ಮಾತ್ರ ನನಗೆ ಒಬ್ಬರೂ ಸಿಕ್ಕಿಲ್ಲ. ಟಿ.ಕೆ. ರಾಮರಾವ್ ಬರೆದದ್ದು ಎಂದು ಹೇಳಿದರೆ "ಓ, ಅದೂ ಪುಸ್ತಕಾನಾ?" ಅನ್ನುತ್ತಾರೆ. ಅದೇ 1972ರಲ್ಲೇ 'ನಾಗರಹಾವು'. ಪುಟ್ಟಣ್ಣ ಕಣಗಾಲ್ ತರಾಸು ಅವರ ಮೂರು ಕಾದಂಬರಿಗಳನ್ನು ಸೇರಿಸಿ ಒಂದು ಸಿನಿಮಾ ಹೆಣೆದರು. ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಎಂದು ತರಾಸು ನೊಂದುಕೊಂಡರೆಂಬ ಮಾತು ಗಾಂಧಿನಗರದಲ್ಲಿ ಇನ್ನೂ ಓಡಾಡಿಕೊಂಡಿದೆ. ಸರಿ, ಬರೆದವರು ಅವರು. ನೋವು ಅವರದು, ಹಾವೂ ಅವರದು. ನನ್ನ ಭಾವಮೈದ ಅದೇ ಮಾತನ್ನು ತನ್ನ ಹಿತ್ತಲಿನಿಂದಲೇ ಹಾವು ಕಳುವಾದವನ ಹಾಗೆ ಹೇಳುತ್ತಾನೆ. ಆ ಮೂರು ಕಾದಂಬರಿ ಯಾವ್ಯಾವುದಪ್ಪಾ ಎಂದು ಕೇಳಿದೆ. ಒಂದು ಗಳಿಗೆ ಫ್ಯಾನ್ ನೋಡಿದ. "ನಾಗರಹಾವು ಚಾಪ್ಟರ್ ಒನ್, ಟೂ, ತ್ರೀ" ಅಂದ. 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಎಂದು ನಾನು ಬಾಯಿಬಿಟ್ಟೆ. "ಅವೆಲ್ಲ ಹಳೇ ಟೈಟಲ್ ಭಾವ" ಎಂದು ನನ್ನನ್ನೇ ತಿದ್ದಿದ.

ಅವನೊಬ್ಬನನ್ನೇ ಅಂದು ಏನು ಪ್ರಯೋಜನ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೆ ಲಂಡನ್ನಿನಲ್ಲಿ ಅಂತಾರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂತು. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಹನ್ನೆರಡು ಕಥೆಗಳ 'ಹಾರ್ಟ್ ಲ್ಯಾಂಪ್'. ಕನ್ನಡಕ್ಕೇ ಬಂದ ಹಾಗೆ ನಾವೆಲ್ಲ ಎದೆ ಉಬ್ಬಿಸಿಕೊಂಡೆವು, ಬಂದದ್ದೂ ಕನ್ನಡಕ್ಕೇ. ಅದಾದ ಒಂದು ವಾರಕ್ಕೆ ನಾನೊಂದು ಪುಸ್ತಕದಂಗಡಿಯಲ್ಲಿ ನಿಂತಿದ್ದೆ. ಒಬ್ಬರು ಹೆಣ್ಣುಮಗಳು, ಒಳ್ಳೆಯ ಕನ್ನಡವನ್ನೇ ಮಾತಾಡುವವರು, ಕೌಂಟರಿಗೆ ಬಂದು ಕೇಳಿದರು:

"ಹಾರ್ಟ್ ಲ್ಯಾಂಪ್‌ದು ಕನ್ನಡ ಟ್ರಾನ್ಸ್‌ಲೇಷನ್ ಯಾವಾಗ ಬರುತ್ತೆ?"

ಅಂಗಡಿಯವರು ಕನ್ನಡಕ ತೆಗೆದರು. ಪಂಚೆಯ ತುದಿಯಲ್ಲಿ ಒರೆಸಿದರು. ಮತ್ತೆ ಹಾಕಿಕೊಂಡರು.

"ಬರೋಕೆ ಶುರುವಾಗಿ ಮೂವತ್ತು ವರ್ಷದ ಮೇಲಾಯ್ತಮ್ಮ."

"ಹೌದಾ? ಮತ್ತೆ ಪ್ರೈಜ್ ಈಗ ಕೊಟ್ರಲ್ಲ?"

ಅಂಗಡಿಯವರು ಪಾಪ ಒಳಗೆ ಹೋಗಿ ಹುಡುಕಿದರು. ಕನ್ನಡದ 'ಎದೆಯ ಹಣತೆ' ಇಂಗ್ಲಿಷಿಗೆ ಹೋಗಿ 'ಹಾರ್ಟ್ ಲ್ಯಾಂಪ್' ಆಗಿದ್ದು, ಅದನ್ನು ಮತ್ತೆ ಕನ್ನಡಕ್ಕೆ ತಂದರೆ ಎಣ್ಣೆ ಚೆಲ್ಲುತ್ತದೆ ಎಂದು ವಿವರಿಸಿದರು. ಆ ತಾಯಿ ಸಮಾಧಾನದಿಂದ ಕೇಳಿಸಿಕೊಂಡು, ಇಂಗ್ಲಿಷ್ ಪ್ರತಿಯನ್ನೇ ಕೊಂಡರು. "ಒರಿಜಿನಲ್ಲೇ ಇರ್ಲಿ ಬಿಡಿ" ಅಂದರು. ಹೋಗುವಾಗ ಬಾಗಿಲಲ್ಲಿ ನಿಂತು, "ಇದನ್ನ ಯಾರಾದ್ರೂ ಸಿನಿಮಾ ಮಾಡ್ಬೇಕು ಸರ್, ಚೆನ್ನಾಗಿರುತ್ತೆ" ಎಂದೂ ಸೇರಿಸಿದರು. ಈ ಸಲ ಅಂಗಡಿಯವರು ಕನ್ನಡಕ ತೆಗೆಯಲಿಲ್ಲ. ಬಾನು ಅವರ 'ಕರಿ ನಾಗರಗಳು' ಕಥೆಯಿಂದ ಗಿರೀಶ ಕಾಸರವಳ್ಳಿ 2004ರಲ್ಲೇ 'ಹಸೀನಾ' ಮಾಡಿದ್ದಾರೆ, ತಾರಾ ಅವರಿಗೆ ಅದಕ್ಕೇ ರಾಷ್ಟ್ರಪ್ರಶಸ್ತಿ ಬಂದದ್ದು ಎಂದರು. "ಎಲ್ಲಿ ಸಿಗುತ್ತೆ ಸರ್ ಅದು?" ಅಂದರು ಆಕೆ. ಅಂಗಡಿಯವರು ನನ್ನ ಮುಖ ನೋಡಿದರು, ನಾನು ಕ್ಯಾಲೆಂಡರ್ ನೋಡಿದೆ.

ಕಾಸರವಳ್ಳಿಯವರ ಮೊದಲ ಸಿನಿಮಾದ ಕಥೆಯೂ ಹೀಗೇ. ಅನಂತಮೂರ್ತಿಯವರ ಕಥೆಯ 'ಘಟಶ್ರಾದ್ಧ' ಬಂದದ್ದು 1977ರಲ್ಲಿ. ಮಲೆನಾಡಿನ ಅಗ್ರಹಾರ, ಒಬ್ಬ ವಿಧವೆ, ಒಬ್ಬ ವೇದಪಾಠದ ಹುಡುಗ. ಸ್ವರ್ಣಕಮಲ ಬಂತು, ಪಠ್ಯದಲ್ಲಿ ಹೆಸರು ಬಂತು, ಕ್ವಿಜ್‌ನಲ್ಲಿ ಪ್ರಶ್ನೆಯಾಯಿತು, ಸಿನಿಮಾ ಮಾತ್ರ ಕಣ್ಣಿಗೆ ಬೀಳುವುದು ಅಪರೂಪವಾಯಿತು. ಸವೆದ ರೀಲುಗಳನ್ನು ತಿದ್ದಿ ತೀಡಿ 2024ರಲ್ಲಿ ಮತ್ತೆ ಮೊದಲ ಬಾರಿಗೆ ತೋರಿಸಿದ್ದು ವೆನಿಸ್ಸಿನಲ್ಲಿ. ಅಲ್ಲಿನವರಿಗೆ ಒಳ್ಳೆಯದಾಗಲಿ. ಕನ್ನಡದ ಕಥೆ ಓದಬೇಕಾದರೆ ಲಂಡನ್ ಮೇಲೆ ಬರಬೇಕು, ಕನ್ನಡದ ಸಿನಿಮಾ ನೋಡಬೇಕಾದರೆ ವೆನಿಸ್ ಮೇಲೆ. ಮೆಜೆಸ್ಟಿಕ್ಕಿನಿಂದ ಮಲ್ಲೇಶ್ವರಕ್ಕೆ ಆಟೊದವನು ಒಂದು ತಿರುವು ಸುತ್ತು ಹಾಕಿದರೆ ಜಗಳಕ್ಕೆ ನಿಲ್ಲುವ ನಾವು, ಈ ದಾರಿಗೆ ಮಾತ್ರ ಒನ್ ಅಂಡ್ ಹಾಫ್ ಕೊಟ್ಟು ಖುಷಿಯಾಗಿ ಹತ್ತಿ ಕೂರುತ್ತೇವೆ.

ಹಾಗೆಂದು ನಮಗೆ ಸಾಹಿತ್ಯದ ಮೇಲೆ ಭಕ್ತಿ ಇಲ್ಲವೆಂದಲ್ಲ, ಕ್ಯಾಮೆರಾ ಬಂದುಹೋದ ಮೇಲೆ ಬರುತ್ತದೆ. ಶಂಕರ್‌ನಾಗ್ 'ಮಾಲ್ಗುಡಿ ಡೇಸ್' ತೆಗೆದದ್ದು ಆಗುಂಬೆಯಲ್ಲಿ, ಅದರ ರೈಲು ನಿಲ್ದಾಣ ಶಿವಮೊಗ್ಗ ಜಿಲ್ಲೆಯ ಅರಸಾಳು. ಈಗ ಆ ಹಳೆಯ ನಿಲ್ದಾಣದ ಕಟ್ಟಡವೇ ಮಾಲ್ಗುಡಿ ಮ್ಯೂಸಿಯಂ. ಆರ್.ಕೆ. ನಾರಾಯಣ್ ತಮ್ಮ ತಲೆಯೊಳಗೆ ಕಟ್ಟಿಕೊಂಡ, ಭೂಪಟದಲ್ಲೇ ಇಲ್ಲದ ಊರಿಗೆ ನಮ್ಮಲ್ಲಿ ಸ್ಟೇಷನ್ ಇದೆ. ಭೂಪಟದಲ್ಲಿರುವ ಎಷ್ಟೋ ಊರಿಗೆ ಇಲ್ಲ. ನಾನು ಹೋದ ದಿನ ಒಬ್ಬ ತಂದೆ ಮಗನಿಗೆ ಹೇಳುತ್ತಿದ್ದರು, "ನೋಡು ಪುಟ್ಟಾ, ಆರ್.ಕೆ. ನಾರಾಯಣ್ ಇಲ್ಲೇ ಟಿಕೆಟ್ ಕೊಡ್ತಾ ಕೂತಿರ್ತಿದ್ರು." ಹುಡುಗ ಕೈ ಮುಗಿದ. ನಾನೂ ಸುಮ್ಮನೆ ಮುಗಿದೆ.

ಓದಿದವರು ಇಲ್ಲವೇ ಇಲ್ಲ ಎಂದರೂ ತಪ್ಪಾಗುತ್ತದೆ. ತೇಜಸ್ವಿಯವರ ಓದುಗರು ನೂರು ಜನ ಕೈಯಿಂದ ದುಡ್ಡು ಹಾಕಿ 'ಡೇರ್‌ಡೆವಿಲ್ ಮುಸ್ತಾಫಾ' ಮಾಡಿಸಿ 2023ರಲ್ಲಿ ತೆರೆಗೆ ತಂದರು. ಪುಸ್ತಕಕ್ಕೇ ದುಡ್ಡು ಕೊಡದ ನಾಡಿನಲ್ಲಿ ಪುಸ್ತಕದ ಸಿನಿಮಾಕ್ಕೆ ಓದುಗರೇ ನಿರ್ಮಾಪಕರಾದರು. ಹಿಡಿದು ಕಟ್ಟುಹಾಕಿಸಿಡಬೇಕಾದ ಸಂಗತಿ. ಭಾವಮೈದನನ್ನು ನಾನೇ ಕರೆದುಕೊಂಡು ಹೋದೆ. ಚೆನ್ನಾಗಿ ನಕ್ಕ, ಎರಡು ಕಡೆ ಶಿಳ್ಳೆಯನ್ನೂ ಹಾಕಿದ. ಪಾರ್ಕಿಂಗಿಗೆ ಬರುವಷ್ಟರಲ್ಲಿ ಮುಖ ಬಿಗಿದುಕೊಂಡಿತ್ತು.

"ಆದ್ರೂ ಕಾದಂಬರಿಯ ವಿಸ್ತಾರ ಬರ್ಲಿಲ್ಲ ಭಾವ."

"ಅದು ಸಣ್ಣಕಥೆ ಕಣೋ."

"ಅದನ್ನೇ ನಾನೂ ಹೇಳಿದ್ದು. ಸಣ್ಣದು ಮಾಡಿಬಿಟ್ಟಿದ್ದಾರೆ."

ಅದೇ ವರ್ಷ ಭೈರಪ್ಪನವರ 'ಪರ್ವ' ಸಿನಿಮಾ ಆಗುತ್ತದೆ, ವಿವೇಕ್ ಅಗ್ನಿಹೋತ್ರಿ ನಿರ್ದೇಶಿಸುತ್ತಾರೆ ಎಂದು ಪ್ರಕಟವಾಯಿತು. ಸಂಜೆಗೆ ಭಾವಮೈದ ನಮ್ಮ ಮನೆಯಲ್ಲಿದ್ದ. ಚಕ್ಕುಲಿ ಮುರಿಯುತ್ತಾ ಕರ್ಣ ಯಾರಾಗಬೇಕು, ದ್ರೌಪದಿ ಯಾರಾಗಬಾರದು ಎಂದು ತೀರ್ಮಾನಿಸಿದ. "ನನಗೆ ಭಯ ಇರೋದು ವಿಶ್ವರೂಪ ದರ್ಶನದ ಸೀನ್ ಬಗ್ಗೆ. ಅದೊಂದಕ್ಕೇ ನೂರು ಕೋಟಿ ಬೇಕು. ಗ್ರಾಫಿಕ್ಸ್‌ನಲ್ಲಿ ಕೈ ಹಿಡಿತ ಮಾಡಿದ್ರೆ ಭೈರಪ್ಪನವರಿಗೆ ಅವಮಾನ ಮಾಡಿದ ಹಾಗೆ."

ನಾನು ಮೆಲ್ಲಗೆ ಹೇಳಿದೆ. ವರ, ಶಾಪ, ಪವಾಡ ಎಲ್ಲ ಕಳಚಿಟ್ಟು ಮಹಾಭಾರತವನ್ನು ಬರೀ ಮನುಷ್ಯರ ಕಥೆಯಾಗಿ ಬರೆದಿರುವುದೇ ಆ ಕಾದಂಬರಿಯ ಹೆಚ್ಚುಗಾರಿಕೆ. ಮದ್ರದೇಶದ ಮುದುಕ ಶಲ್ಯನಿಂದ ಶುರುವಾಗುತ್ತದೆ. ಬೆವರು, ಮುಪ್ಪು, ಯುದ್ಧಭೂಮಿಯ ದುರ್ನಾತ. ವಿಶ್ವರೂಪಕ್ಕೆ ಅಲ್ಲಿ ಜಾಗವೇ ಇಲ್ಲ.

ಅವನು ಕನಿಕರದಿಂದ ನನ್ನ ಕಡೆ ನೋಡಿದ. "ನೀವು ಸಂಕ್ಷಿಪ್ತ ಆವೃತ್ತಿ ಓದಿರಬೇಕು ಭಾವ."

ನಾನೇನು ಸಾಚಾ ಅಲ್ಲ. ನನ್ನ ಕಪಾಟಿನಲ್ಲೂ ಒಂದು ಘನವಾದ ಕಾದಂಬರಿಯ 38ನೇ ಪುಟದಲ್ಲಿ ಒಂದು ಬಿಎಂಟಿಸಿ ಟಿಕೆಟ್ಟು ಆರು ವರ್ಷದಿಂದ ಪ್ರಯಾಣ ಮಾಡುತ್ತಲೇ ಇದೆ. ಅದೇ ಕಾದಂಬರಿಯ ಬಗ್ಗೆ ಒಂದು ಸಭೆಯಲ್ಲಿ ಇಪ್ಪತ್ತು ನಿಮಿಷ ಮಾತಾಡಿ ಹಾರವನ್ನೂ ಹಾಕಿಸಿಕೊಂಡು ಬಂದಿದ್ದೇನೆ. ಆದರೆ 'ಪರ್ವ' ಓದಿದ್ದೆ, ದೇವರಾಣೆ ಓದಿದ್ದೆ. ನನ್ನ ಪ್ರತಿಯನ್ನು ಯಾರೋ ಪುಣ್ಯಾತ್ಮರು ಒಯ್ದವರು ಹಿಂದಕ್ಕೆ ಕೊಟ್ಟಿಲ್ಲ. ಹಾಗಾಗಿ ಸಂಶಯ ನನ್ನ ಮೇಲೇ ಹುಟ್ಟಿ, ನಿನ್ನ ಪ್ರತಿ ಕೊಡಪ್ಪಾ, ಪೂರ್ತಿ ಆವೃತ್ತಿ ಓದಿ ನೋಡುತ್ತೇನೆ ಎಂದೆ. ಭಾನುವಾರ ತಂದುಕೊಟ್ಟ. ಪ್ಲಾಸ್ಟಿಕ್ ಕವರು, ಒಳಗೆ ಅವನ ರುಜು, ತಾರೀಖು, ಕೊನೆಯ ಅಧ್ಯಾಯದ ಹತ್ತಿರ ಒಂದು ನವಿಲುಗರಿ. ಬೆನ್ನುಡಿಯ ಕೆಳಗೆ ಪೆನ್ಸಿಲಿನಲ್ಲಿ ಅಚ್ಚುಕಟ್ಟಾಗಿ ಗೆರೆ ಎಳೆದಿದ್ದ.

ರಾತ್ರಿ ಊಟ ಆದ ಮೇಲೆ ಓದಲು ಕೂತೆ. ಹದಿನಾರು ಪುಟ ಸರಾಗವಾಗಿ ಹೋಯಿತು. ಹದಿನೇಳಕ್ಕೆ ಬಂದರೆ ಹಾಳೆ ತಿರುಗಲಿಲ್ಲ. ಬೈಂಡಿಂಗಿನಲ್ಲಿ ಕತ್ತಿ ತಾಗದೆ ಉಳಿದಿತ್ತು. ಮೇಲಿನ ಅಂಚಿನಲ್ಲಿ ಹಾಳೆಗಳು ಜೋಡಿ ಜೋಡಿಯಾಗಿ ಅಂಟಿಕೊಂಡೇ ಇದ್ದವು. ಮೂವತ್ತೆರಡರವರೆಗೆ ಹದಿನಾರು ಪುಟದ ಒಂದು ಫಾರಂ ಹಾಗೆ. ಮುಂದೆಯೂ ಅಲ್ಲಲ್ಲಿ ಐದಾರು ಫಾರಂ ಹಾಗೇ. ಓದಲೇಬೇಕೆಂದರೆ ಇನ್‌ಲ್ಯಾಂಡ್ ಲೆಟರನ್ನು ಅಂಟು ಬಿಡಿಸದೆ ಒಂದು ಕಣ್ಣು ಮುಚ್ಚಿ ಕೆಳಗಿನಿಂದ ಇಣುಕಬೇಕು. ಭಾವಮೈದ ಹಾಗೆ ಇಣುಕಿರಬಹುದು ಎಂದು ಸ್ವಲ್ಪ ಹೊತ್ತು ಪ್ರಾಮಾಣಿಕವಾಗಿ ಯೋಚಿಸಿದೆ. ಹೆಂಡತಿಯನ್ನು ಕರೆದು ತೋರಿಸಿದೆ. ಅವಳು ನೋಡಿ, ಸೆರಗು ಬಾಯಿಗಿಟ್ಟುಕೊಂಡು ನಕ್ಕು, "ಅವನಿಗೆ ಹೇಳೋಕೆ ಹೋಗ್ಬೇಡಿ, ಬೇಜಾರು ಮಾಡ್ಕೋತಾನೆ" ಅಂದಳು. ಮಗಳ ಜಾಮಿಟ್ರಿ ಬಾಕ್ಸಿನಿಂದ ಸ್ಟೀಲಿನ ಸ್ಕೇಲು ತಂದುಕೊಟ್ಟವಳೂ ಅವಳೇ.

ಒಂದೊಂದೇ ಹಾಳೆ ಬಿಡಿಸಿಕೊಂಡು ಓದಿದೆ. ಸರ್ ಸರ್ ಎಂದು ಸದ್ದು, ಮಡಿಲ ತುಂಬ ಕಾಗದದ ಹೊಟ್ಟು. ಮೂರು ವಾರ ಹಿಡಿಯಿತು. ವಿಶ್ವರೂಪ ಎಲ್ಲೂ ಸಿಗಲಿಲ್ಲ. ಮತ್ತೆ ಪ್ಲಾಸ್ಟಿಕ್ ಕವರು ಹಾಕಿ, ನವಿಲುಗರಿಯನ್ನು ಇದ್ದ ಪುಟದಲ್ಲೇ ಇಟ್ಟು, ನಾನೇ ಹೋಗಿ ಕೊಟ್ಟು ಬಂದೆ. ಅವನು ಪುಸ್ತಕವನ್ನು ಕೈಯಲ್ಲಿ ತೂಗಿ ನೋಡಿದ. ಮೇಲಿನ ಅಂಚಿನ ಮೇಲೆ ಬೆರಳಾಡಿಸಿದ. ಹದಿನೇಳನೇ ಪುಟದ ತರಿತರಿ ಬೆರಳಿಗೆ ತಾಗಿತು. ಮುಖ ಕಪ್ಪಿಟ್ಟಿತು.

"ಏನ್ ಭಾವ ಇದು? ಎಷ್ಟು ಜೋಪಾನವಾಗಿ ಇಟ್ಟಿದ್ದೆ. ಓದಿ ಹಾಳು ಮಾಡಿಬಿಟ್ಟಿದ್ದೀರಲ್ಲ!"