ಅರಿಶಿನದ ಕಲೆ ಮತ್ತು ಮೂರು ತಿಂಗಳ ಠೇವಣಿ

ನಾನು ಒಮ್ಮೆಯೂ ಮುಖ ನೋಡದ ಒಬ್ಬ ಮನುಷ್ಯನಿಗೆ 1,020 ಯೂರೋ ಕೊಟ್ಟಿದ್ದೇನೆ. ಸಾಲವಲ್ಲ, ದಾನವಲ್ಲ, ಅವನಿಂದ ಏನನ್ನಾದರೂ ಕೊಂಡದ್ದೂ ಅಲ್ಲ. ಅವನು ಸ್ಪೇನಿನವನೆಂದು ಗೊತ್ತು. ತನ್ನ ಕೋಣೆಯ ಗೋಡೆಗೆ ಏಳು ಮೊಳೆ ಹೊಡೆದಿದ್ದನೆಂದು ಗೊತ್ತು. 2017ರ ಅಕ್ಟೋಬರಿನಲ್ಲಿ ನಾನು ಓದಲೆಂದು ಜರ್ಮನಿಯ ಸ್ಟುಟ್‌ಗಾರ್ಟಿಗೆ ಹೋದಾಗ ಅವನು ಬಿಟ್ಟ ಕೋಣೆ ನನಗೆ ಸಿಕ್ಕಿತು. ಜೊತೆಗೆ ಆ ಏಳು ಮೊಳೆಗಳೂ ನನ್ನವಾದವು.

ನಾಲ್ಕೈದು ಜನ ಸೇರಿ ಒಂದು ಮನೆ ಹಿಡಿದು, ತಲೆಗೊಂದು ಕೋಣೆ, ಅಡುಗೆಮನೆ ಬಚ್ಚಲು ಎಲ್ಲರಿಗೂ ಒಂದೇ ಎಂದು ಬದುಕುವುದಕ್ಕೆ ಜರ್ಮನಿಯಲ್ಲಿ ‘ವೋನ್‌ಗೆಮೈನ್‌ಶಾಫ್ಟ್’ ಎನ್ನುತ್ತಾರೆ. ಅಷ್ಟುದ್ದ ಹೇಳಿ ಮುಗಿಸುವಷ್ಟರಲ್ಲಿ ಕೋಣೆ ಇನ್ನೊಬ್ಬರ ಪಾಲಾಗುತ್ತದೆಂದೋ ಏನೋ, ಆಡುಮಾತಿನಲ್ಲಿ ಬರೀ ‘ವೇಗೇ’. ಬಿಟ್ಟುಹೋಗುವವನು ‘ಫೋರ್‌ಮೀಟರ್’, ಬರುವವನು ‘ನಾಖ್‌ಮೀಟರ್’. ಬೆಂಗಳೂರಿನ ಆಟೋಗಳಲ್ಲಿ ಪಳಗಿದವನಿಗೆ ಮೀಟರ್ ಎಂಬ ಶಬ್ದ ಕೇಳಿದೊಡನೆ ದುಡ್ಡು ಹೋಗುವ ಮುನ್ಸೂಚನೆ ಸಿಗುತ್ತದೆ. ನನಗೂ ಸಿಕ್ಕಿತು. ಠೇವಣಿ ಮೂರು ತಿಂಗಳ ಬಾಡಿಗೆ, ಅದೂ ಮೂರು ತಿಂಗಳ ‘ತಣ್ಣನೆಯ’ ಬಾಡಿಗೆ.

ಅಲ್ಲಿ ಬಾಡಿಗೆಯಲ್ಲಿ ಎರಡು ಬಗೆ. ಬರೀ ಗೋಡೆ ಸೂರುಗಳಿಗೆ ಕೊಡುವುದು ತಣ್ಣನೆಯದು. ಹೀಟರು, ನೀರು, ಕಸ, ಮೆಟ್ಟಿಲ ದೀಪ ಎಲ್ಲ ಸೇರಿದರೆ ಬೆಚ್ಚನೆಯದು. ನನ್ನ ಕೋಣೆ ತಣ್ಣಗೆ 340, ಬೆಚ್ಚಗೆ 430 ಯೂರೋ. ತೀರ್ಥಹಳ್ಳಿಗೆ ಫೋನು ಮಾಡಿ ಠೇವಣಿಯ ಕಷ್ಟ ಹೇಳಿಕೊಂಡರೆ ಅಮ್ಮನಿಗೆ ಕರುಣೆಯೇ ಬರಲಿಲ್ಲ. “ಮೂರೇ ತಿಂಗಳೇ? ಒಳ್ಳೆಯವರಪ್ಪ! ನಿನ್ನ ಅಕ್ಕ ಬೆಂಗಳೂರಿನಲ್ಲಿ ಹತ್ತು ತಿಂಗಳದ್ದು ಕೊಟ್ಟಿದ್ದಾಳೆ” ಎಂದರು. ನಿಜ. ಅಕ್ಕ ಆ ಮನೆ ಬಿಡುವಾಗ ಬಣ್ಣದ ಖರ್ಚೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಂಡರು, ಬಣ್ಣ ಮಾತ್ರ ಇವತ್ತಿಗೂ ಹಳೆಯದೇ ಇದೆಯಂತೆ. ಕೇಂದ್ರ ಸರ್ಕಾರ 2021ರಲ್ಲಿ ರೂಪಿಸಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಠೇವಣಿ ಸಾಕೆನ್ನುತ್ತದೆ. ಅಕ್ಕನ ಈಗಿನ ಮಾಲೀಕರು ಅದನ್ನು ಓದಿದಂತೆ ಕಾಣುವುದಿಲ್ಲ. ನಮ್ಮ ಭೋಗ್ಯದ ಪದ್ಧತಿಯನ್ನು ನಾನೊಮ್ಮೆ ಹೆಮ್ಮೆಯಿಂದ ವಿವರಿಸಿದಾಗ ಸಹಪಾಠಿಯಾದ ಕೊರಿಯಾದವನು ನಕ್ಕು, ತಮ್ಮಲ್ಲೂ ಇಡುಗಂಟು ಕೊಟ್ಟು ಬಾಡಿಗೆಯಿಲ್ಲದೆ ಇರುವ ‘ಜೋನ್ಸೆ’ ಉಂಟೆಂದ. ನಮ್ಮ ಜಾಣತನಕ್ಕೆ ಇಷ್ಟು ದೂರದಲ್ಲಿ ಜೋಡಿ ಇದ್ದೀತೆಂದು ನಾನು ಎಣಿಸಿರಲಿಲ್ಲ.

ಆದರೆ ಅಮ್ಮನ ಲೆಕ್ಕದಲ್ಲಿ ಒಂದು ಅಂಶ ಬಿಟ್ಟುಹೋಗಿತ್ತು. ವೀಸಾ ಸಿಗಬೇಕಾದರೆ ಒಂದು ವರ್ಷದ ಖರ್ಚು, ಆಗ 8,640 ಯೂರೋ, ಮೊದಲೇ ಬ್ಯಾಂಕಿನಲ್ಲಿ ಇಟ್ಟು ಬೀಗ ಹಾಕಿಸಬೇಕು. ಆ ಖಾತೆ ತಿಂಗಳಿಗೆ 720 ಯೂರೋ ಮಾತ್ರ ಉಗುಳುತ್ತಿತ್ತು. ದುಡ್ಡು ನನ್ನದೇ, ಆದರೆ ತಿಂಗಳಿಗೆ 720 ಬರುವವನು ಮೊದಲ ವಾರದಲ್ಲೇ 1,020 ಕೊಡಬೇಕು. ರೂಪಾಯಿಯಲ್ಲಿ ಎಪ್ಪತ್ತೈದು ಸಾವಿರ ದಾಟುವ ಮೊತ್ತ. ಒಂದು ವರ್ಷ ಮೊದಲೇ ಬಂದಿದ್ದ ಹುಬ್ಬಳ್ಳಿಯವರೊಬ್ಬರು ಕೈಗಡ ಕೊಟ್ಟು ಕಾಪಾಡಿದರು. ಕೊಟ್ಟ ಮೇಲೆ ತಿಳಿಯಿತು: ಜರ್ಮನ್ ನಾಗರಿಕ ಸಂಹಿತೆಯ 551ನೇ ಕಲಮಿನ ಪ್ರಕಾರ ಠೇವಣಿ ಮೂರು ತಿಂಗಳ ತಣ್ಣನೆಯ ಬಾಡಿಗೆಯನ್ನು ಮೀರುವಂತಿಲ್ಲ, ಬಾಡಿಗೆದಾರ ಅದನ್ನು ಮೂರು ಸಮ ಕಂತುಗಳಲ್ಲಿ ಕಟ್ಟಬಹುದು. ಓಡಿಹೋಗಿ ಮನೆಯ ಜೊತೆಗಾರರಿಗೆ ಹೇಳಿದೆ. ನಮ್ಮ ವೇಗೇಯ ಹಿರಿಯಳು, ಪಿಎಚ್.ಡಿ. ಮಾಡುತ್ತಿದ್ದ ಸ್ವಾಬಿಯನ್ (ಸ್ಟುಟ್‌ಗಾರ್ಟಿನ ಸುತ್ತಲಿನ ಸೀಮೆಯ) ಹುಡುಗಿ, ಚಹಾ ಕಲಕುತ್ತ, “ಅದು ಮಾಲೀಕರಿಗೆ ಕೊಡುವಾಗ. ನೀನು ಕೊಟ್ಟದ್ದು ಮಾಲೀಕರಿಗಲ್ಲವಲ್ಲ” ಎಂದಳು.

ಅಲ್ಲಿಯೇ ಗುಟ್ಟಿದ್ದದ್ದು. ಮಾಲೀಕರ ಬಳಿ ಇದ್ದದ್ದು 2009ರಲ್ಲಿ ಆ ಮನೆಗೆ ಮೊದಲು ಬಂದ ನಾಲ್ವರು ಕಟ್ಟಿದ ಇಡುಗಂಟು. ಆಮೇಲೆ ಯಾರೇ ಹೋಗಲಿ, ಬರಲಿ, ಅವರು ಅದನ್ನು ಮುಟ್ಟಿಲ್ಲ. ಬರುವವನು ಹೋಗುವವನಿಗೆ ಕೊಡುತ್ತಾನೆ, ಒಪ್ಪಂದದ ಕಾಗದದಲ್ಲಿ ಹೆಸರು ಬದಲಾಗುತ್ತದೆ, ಅಷ್ಟೆ. ಮದುವೆಮನೆಯ ಮುಯ್ಯಿಯಂತೆಯೇ, ವ್ಯತ್ಯಾಸವೆಂದರೆ ಇಲ್ಲಿ ಕೊಟ್ಟದ್ದು ಒಬ್ಬರಿಗೆ, ಹಿಂದಿರುಗುವುದು ಇನ್ನೊಬ್ಬರಿಂದ, ಆ ಇನ್ನೊಬ್ಬರು ಯಾರೆಂದು ಕೊಡುವಾಗ ಗೊತ್ತಿರುವುದಿಲ್ಲ. ಮುಯ್ಯಿಗಾದರೆ ಬರೆದಿಡುವ ಪುಸ್ತಕವಾದರೂ ಉಂಟು. ನನ್ನ ಬಳಿ ಇದ್ದದ್ದು ಬ್ಯಾಂಕಿನ ವರ್ಗಾವಣೆ ಚೀಟಿ ಮತ್ತು ಸ್ಪೇನಿನವನ ಒಂದು ಪದದ ಸಂದೇಶ: ‘ಗ್ರಾಸಿಯಾಸ್’.

ಠೇವಣಿಯನ್ನು ಮಾಲೀಕರು ತಮ್ಮ ಹಣದೊಡನೆ ಬೆರೆಸದೆ ಬೇರೆಯಾಗಿ ಇಡಬೇಕು, ಅದರ ಬಡ್ಡಿ ಬಾಡಿಗೆದಾರನಿಗೆ ಸೇರಬೇಕು ಎಂದೂ ಅದೇ ಕಲಮು ಹೇಳುತ್ತದೆ. ಬೆಂಗಳೂರಿನಲ್ಲಿ ಯಾರಾದರೂ ಠೇವಣಿಗೆ ಬಡ್ಡಿ ಕೇಳಿದರೆ ಮಾಲೀಕರು ಮೊದಲು ಅವರ ಆರೋಗ್ಯ ವಿಚಾರಿಸಿಯಾರು. ಆದರೆ ಆ ವರ್ಷಗಳಲ್ಲಿ ಯುರೋಪಿನ ಬ್ಯಾಂಕುಗಳ ಉಳಿತಾಯದ ಬಡ್ಡಿ ಸೊನ್ನೆಯ ಅಕ್ಕಪಕ್ಕದಲ್ಲಿ ಮಲಗಿತ್ತು. ಕಾನೂನು ಎಲೆ ಹಾಕಿತು, ಬ್ಯಾಂಕು ಬಡಿಸಲಿಲ್ಲ.

ಸ್ವಂತ ದೇಶದಲ್ಲಿ ಠೇವಣಿ ಕೊಟ್ಟವನು ಕೊಟ್ಟು ಮರೆಯುತ್ತಾನೆ. ಪರದೇಶದಲ್ಲಿ ಕೊಟ್ಟವನು ಅದರ ಮೇಲೆಯೇ ಮಲಗುತ್ತಾನೆ, ಅದರ ಮೇಲೆಯೇ ಏಳುತ್ತಾನೆ. ಮಾಮೂಲು ಬಳಕೆಯ ಸವೆತಕ್ಕೆ ಠೇವಣಿಯಲ್ಲಿ ಮುರಿಯುವಂತಿಲ್ಲ ಎಂಬುದು ಸ್ವಾಬಿಯನ್ ಹುಡುಗಿಗೆ ಬಾಲ್ಯದಿಂದಲೇ ಗೊತ್ತಿದ್ದಂತಿತ್ತು. ಅವಳು ಹಾಡುತ್ತ ಗೋಡೆಗೆ ಡ್ರಿಲ್ ಇಡುತ್ತಿದ್ದಳು. ನಾನು ಎರಡು ವರ್ಷದಲ್ಲಿ ಒಂದೇ ಒಂದು ಮೊಳೆ ಹೊಡೆಯಲಿಲ್ಲ. ಅಮ್ಮ ಕೊಟ್ಟಿದ್ದ ಕನ್ನಡ ಕ್ಯಾಲೆಂಡರು ಸ್ಪೇನಿನವನ ಮೂರನೆಯ ಮೊಳೆಗೆ ನೇತಾಡಿತು. ಕುರ್ಚಿ ಎಳೆದರೆ ನೆಲ ಗೀರೀತೆಂದು ಎತ್ತಿಯೇ ಇಡುತ್ತಿದ್ದೆ.

ಹೀಗೆ ಹುಷಾರಾಗಿದ್ದವನನ್ನು ಹಿಡಿದುಹಾಕಿದ್ದು ಬೂಷ್ಟು. ಮೊದಲ ಚಳಿಗಾಲದಲ್ಲಿ ಕಿಟಕಿಯ ಮೂಲೆಯಲ್ಲಿ ಕಪ್ಪು ಚುಕ್ಕೆಗಳು ಕಂಡವು. ಮಲೆನಾಡಿನವನಿಗೆ ಅದೊಂದು ವಿಷಯವೇ? ನಮ್ಮಲ್ಲಿ ಆಷಾಢ ಶ್ರಾವಣದಲ್ಲಿ ಬೆಲ್ಟಿಗೆ, ಚಪ್ಪಲಿಗೆ, ಅಜ್ಜನ ಫೋಟೋದ ಚೌಕಟ್ಟಿಗೆ ಎಲ್ಲದಕ್ಕೂ ಬೂಷ್ಟು ಹಿಡಿಯುತ್ತದೆ. ಒರೆಸುತ್ತೇವೆ, ಮತ್ತೆ ಹಿಡಿಯುತ್ತದೆ, ದೀಪಾವಳಿಯ ಬಿಸಿಲಿಗೆ ಹೋಗುತ್ತದೆ. ಜರ್ಮನಿಯಲ್ಲಿ ಅದು ಆರೋಪ. ನೀನು ಕಿಟಕಿ ತೆರೆದಿಲ್ಲ, ಅಡುಗೆಯ ಹಬೆ ಹೊರಗೆ ಬಿಟ್ಟಿಲ್ಲ, ಆದ್ದರಿಂದ ಠೇವಣಿಗೆ ಕೈಹಾಕಬಹುದು ಎಂದರ್ಥ. ಹೊರಗೆ ಎಷ್ಟೇ ಕೊರೆಯಲಿ, ದಿನಕ್ಕೆರಡು ಮೂರು ಸಲ ಕಿಟಕಿಗಳನ್ನು ಪೂರ್ತಿ ತೆರೆದು ಐದು ಹತ್ತು ನಿಮಿಷ ಗಾಳಿ ಆಡಿಸಬೇಕು. ಅದಕ್ಕೂ ಒಂದು ಹೆಸರು, ‘ಶ್ಟೋಸ್‌ಲ್ಯೂಫ್ಟನ್’. ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಟೋಪಿ ಹಾಕಿಕೊಂಡು ತೆರೆದ ಕಿಟಕಿಯ ಮುಂದೆ ನಿಂತು, ನಾನು ಬೆಚ್ಚನೆಯ ಬಾಡಿಗೆಯನ್ನು ಬೀದಿಗೆ ಬಿಡುತ್ತಿದ್ದೆ.

ಬೂಷ್ಟು ಹೋಯಿತು. ಅರಿಶಿನ ಹೋಗಲಿಲ್ಲ. ಅಡುಗೆಮನೆಯ ಕಿಟಕಿಯ ಕೆಳಗಿನ ಬಿಳಿ ಹಲಗೆಯ ಮೇಲೆ ಸಾಂಬಾರ ಡಬ್ಬಿ ಇಡುತ್ತಿದ್ದೆ. ಒಂದು ಭಾನುವಾರ ಚಿತ್ರಾನ್ನದ ಉತ್ಸಾಹದಲ್ಲಿ ಅದು ಮಗುಚಿತು. ಒರೆಸಿದೆ, ಉಜ್ಜಿದೆ, ನಿಂಬೆ ಹಚ್ಚಿದೆ. ಅಂಗೈಯಗಲದ ಹಳದಿ ಕಲೆ ಅಲ್ಲಿಯೇ ಕುಳಿತಿತು. “ಬಿಸಿಲಿಗೆ ಇಡು, ತಾನಾಗಿ ಹೋಗುತ್ತದೆ” ಎಂದರು ಅಮ್ಮ. ಬಟ್ಟೆಯಾದರೆ ಸರಿ, ಹಲಗೆಯನ್ನು ಎಲ್ಲಿಗೆ ಒಯ್ಯುವುದು? ಆ ಕಿಟಕಿ ಬಡಗಣ ದಿಕ್ಕಿನದು.

ಈ ನಡುವೆ ಸ್ಪೇನಿನವನು ಮತ್ತೊಮ್ಮೆ ನನ್ನ ಬದುಕಿಗೆ ಬಂದ. ಹೀಟರು, ನೀರುಗಳ ವಾರ್ಷಿಕ ಲೆಕ್ಕವನ್ನು ವರ್ಷ ಮುಗಿದು ಹನ್ನೆರಡು ತಿಂಗಳೊಳಗೆ ಕೊಟ್ಟರೆ ಸಾಕೆಂದು ಮಾಲೀಕರಿಗೆ ಕಾನೂನಿನ ಸವಲತ್ತು ಇದೆ. ಹೀಗಾಗಿ 2017ರ ಬಾಕಿ 2018ರ ಕೊನೆಗೆ ಬಂತು. ಆ ವರ್ಷದಲ್ಲಿ ಮೂರು ತಿಂಗಳು ನಾನು, ಒಂಬತ್ತು ತಿಂಗಳು ಅವನು. ಅವನ ಪಾಲು ತೊಂಬತ್ತಕ್ಕೂ ಹೆಚ್ಚು ಯೂರೋ. ಪತ್ರ ಬರೆದೆ. ಹತ್ತು ದಿನದ ಮೇಲೆ ನಲವತ್ತು ಯೂರೋ ಮತ್ತು ಸಮುದ್ರದ ಒಂದು ಫೋಟೋ ಬಂದವು. ಬಹಳ ದಿನ ಬೈದುಕೊಂಡೆ. ಫೋಟೋ ಚೆನ್ನಾಗಿತ್ತು.

2019ರಲ್ಲಿ ನಾನು ಹೊರಟಾಗ ಬಂದವಳು ಇರಾನಿನ ವಿದ್ಯಾರ್ಥಿನಿ. ನಾನು ಪಡಬಾರದ ಪಾಡು ಪಟ್ಟಿದ್ದೆನಾದ್ದರಿಂದ, ಮನೆ ಒಪ್ಪಿಸುವ ಪಟ್ಟಿಯೊಂದನ್ನು (ಇದರ ಜರ್ಮನ್ ಹೆಸರು ಬರೆದರೆ ಸಾಲು ಮುಗಿಯುತ್ತದೆ) ನಾನೇ ತಯಾರಿಸಿ, ಏಳು ಮೊಳೆ, ನೆಲದ ಎರಡು ಗೀರು, ಅಡುಗೆಮನೆಯ ಹಳದಿ ಕಲೆ ಎಂದು ಬರೆದು, ಇಬ್ಬರೂ ಸಹಿ ಹಾಕಿದೆವು. ಅವಳು ಬಗ್ಗಿ ಕಲೆಯನ್ನು ನೋಡಿ, “ಕೇಸರಿಯೇ?” ಎಂದಳು. ಅರಿಶಿನವೆಂದೆ. “ಓ, ಜರ್ದ್‌ಚೂಬೆ!” ಎಂದು, ಊರಿನವರು ಸಿಕ್ಕಂತೆ ನಕ್ಕಳು. ಅಂದು ಸಂಜೆಯೇ ನನ್ನ ಖಾತೆಗೆ 1,020 ಯೂರೋ ಬಂತು. ಹಣ ಬಂದ ಸಂತೋಷಕ್ಕಿಂತ ಕುರ್ಚಿಯನ್ನು ಒಮ್ಮೆ ದರದರನೆ ಎಳೆಯಬೇಕೆಂಬ ಆಸೆ ದೊಡ್ಡದಾಗಿತ್ತು. ಎಳೆಯಲಿಲ್ಲ. ಇನ್ನು ಅದು ಅವಳ ನೆಲ.

2022ರ ಜನವರಿಯಲ್ಲಿ ಅವಳಿಂದ ಪತ್ರ. ಮಾಲೀಕರ ಮಗನಿಗೆ ವಾಸಕ್ಕೆ ಮನೆ ಬೇಕಾಗಿದೆಯಂತೆ, ನಾಲ್ವರೂ ಬಿಡಬೇಕು. 2009ರ ಇಡುಗಂಟು ಕೊನೆಗೂ ಹೊರಬರುವ ಹೊತ್ತು. ಮಾಲೀಕರು ಕನ್ನಡಕ ಏರಿಸಿಕೊಂಡು ಕೋಣೆ ಕೋಣೆ ಸುತ್ತಿ ಬರೆದುಕೊಂಡರಂತೆ. ಹದಿಮೂರು ವರ್ಷದಲ್ಲಿ ಬಂದುಹೋದವರ ಲೆಕ್ಕವೆಲ್ಲ, ಪಾಪ, ಕೊನೆಗೆ ಉಳಿದ ಆ ನಾಲ್ವರ ತಲೆಗೆ. ನನ್ನ ಸಹಿಯಿದ್ದ ಪಟ್ಟಿ ನಮ್ಮಿಬ್ಬರ ನಡುವಿನದು, ಮಾಲೀಕರಿಗೆ ಅದರಿಂದ ಏನೂ ಆಗಬೇಕಿಲ್ಲ. ಪತ್ರದ ಜೊತೆ ಒಂದು ಫೋಟೋ: ಬಿಳಿ ಹಲಗೆ, ಅದರ ಮೇಲೆ ನನ್ನ ಚಿತ್ರಾನ್ನದ ಕಲೆ, ಸ್ವಲ್ಪವೂ ಮಾಸಿರಲಿಲ್ಲ. ದೂರೇನೂ ಬರೆದಿರಲಿಲ್ಲ. ಇದನ್ನು ತೆಗೆಯುವ ಉಪಾಯ ಗೊತ್ತೇ ಎಂದಷ್ಟೇ ಕೇಳಿದ್ದಳು.

ಬಿಸಿಲು ತಾಗಿದರೆ ಹೋಗುತ್ತದೆ ಎಂದು ಬರೆದೆ. ಜನವರಿಯ ಸ್ಟುಟ್‌ಗಾರ್ಟಿನಲ್ಲಿ ಬಡಗಣ ಕಿಟಕಿಗೆ ಬಿಸಿಲು ಎಲ್ಲಿಂದ ಬರಬೇಕೆಂದು ನೆನಪಾಗಿ ಅಳಿಸಿದೆ. ಸ್ಪೇನಿನವನ ನಲವತ್ತು ಯೂರೋ ನೆನಪಾಯಿತು. ಅವನೂ ಆ ದಿನ ಹೀಗೆಯೇ ಬರೆದು ಅಳಿಸಿ, ಏನೂ ತೋಚದೆ, ಸಮುದ್ರದ ಕಡೆ ಹೋಗಿದ್ದನೋ ಏನೋ. ಅವಳ ಖಾತೆಯ ಸಂಖ್ಯೆ ಕೇಳಿ ಒಂದು ಸಾಲು ಬರೆದು, ಫೋಟೋ ತೆಗೆಯುವಂಥದ್ದು ಏನಾದರೂ ಕಂಡೀತೇ ಎಂದು ತುಂಗೆಯ ದಂಡೆಯ ಕಡೆಗೆ ನಡೆದೆ.